ಅಕ್ಷರದ ಮುಂದೆ ಎಡವುವ ಮಕ್ಕಳು

ಕೆಲವು ವರ್ಷಗಳ ಹಿಂದಿನ ಮಾತು. ಮಕ್ಕಳಿಗಾಗಿ ಮೀಸಲಿಟ್ಟ ಒಂದು ಭಾನುವಾರದ ಬಲಿಪೂಜೆಯಲ್ಲಿ ಮೊದಲನೆಯ ವಾಚನವನ್ನು ಓದಲು ಬ್ಯಾಡಗಿಯ ಕುಟುಂಬವೊಂದರ ಹುಡುಗನನ್ನು ನಾನೇ ಆಯ್ಕೆ ಮಾಡಿದ್ದೆ. ಹತ್ತು ವರ್ಷದ ಬಾಲಕ; ಮಾತಿನಲ್ಲಿ ಚುರುಕು, ಆಟದಲ್ಲಿ ಮುಂದು. "ಬ್ಯಾಡ್ರಿ ಫಾದರ್" ಎಂದು ಅವನು ಎರಡು ಸಲ ಹೇಳಿದ್ದನ್ನು ನಾನು ಸಂಕೋಚವೆಂದು ತಿಳಿದೆ. ಆ ಭಾನುವಾರ ಅವನು ವಾಚನಪೀಠದ ಮುಂದೆ ನಿಂತು ಮೊದಲ ಸಾಲನ್ನು ಹೇಗೋ ದಾಟಿದ. ಎರಡನೆಯ ಸಾಲಿನಲ್ಲಿ 'ಪ್ರಾರ್ಥನೆ' ಎಂಬ ಪದ ಬಂತು. ಅಲ್ಲಿಗೆ ನಿಂತುಬಿಟ್ಟ. ಪ ಎಂದ, ಪಾ ಎಂದ, ಮತ್ತೆ ಸಾಲಿನ ಆರಂಭಕ್ಕೆ ಹೋದ. ಮುಂದಿನ ಬೆಂಚಿನ ಮಕ್ಕಳು ಕಿಸಕ್ಕನೆ ನಕ್ಕರು. ನಾನಾದರೂ ಸುಮ್ಮನಿರಬಹುದಿತ್ತು. "ಮನೆಯಲ್ಲಿ ಒಂದು ಸಲವಾದರೂ ಓದಿಕೊಂಡು ಬರಬಾರದೇ?" ಎಂದು ಧ್ವನಿವರ್ಧಕದಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದೆ. ವಾಚನವನ್ನು ಬೇರೊಬ್ಬ ಹುಡುಗಿ ಮುಗಿಸಿದಳು.

ಅಂದಿನಿಂದ ಆ ಹುಡುಗನಿಗೆ ಪ್ರತಿ ಭಾನುವಾರ ಬೆಳಿಗ್ಗೆ ಹೊಟ್ಟೆನೋವು. ನಾಲ್ಕಾರು ವಾರ ಕಳೆದ ಮೇಲೆ ಅವನ ಮನೆಗೆ ಹೋದೆ. ತಾಯಿ ಮೊದಲು ಏನೂ ಹೇಳಲೊಲ್ಲರು. ಚಹಾ ಕೊಟ್ಟ ಮೇಲೆ ಬಾಗಿಲ ಬಳಿಯೇ ನಿಂತು ಹೇಳಿದರು: "ಫಾದರ್, ಅವ ಆ ಹಾಳೀನ ಒಂದು ವಾರ ದಿನಾ ರಾತ್ರಿ ಕುಂತು ಓದ್ಯಾನ್ರಿ. ನಾ ಓದಿ ಹೇಳಿದ್ದೆಲ್ಲಾ ಬಾಯಿಪಾಠ ಆಗಿತ್ರಿ. ಅಲ್ಲಿ ನಿಂತಮ್ಯಾಲೆ ನೋಡೇ ಓದಬೇಕಂತ ಹೊಂಟ, ಎಲ್ಲಾ ಹೋತ್ರಿ."

ಒಂದು ವಾರ ರಾತ್ರಿಯೆಲ್ಲ ಶ್ರಮಿಸಿದ ಮಗುವಿಗೆ ಸೋಮಾರಿಯೆಂಬ ಹೆಸರನ್ನು ಕೊಟ್ಟಿದ್ದೆ, ಅದೂ ಬಲಿಪೀಠದ ಪಕ್ಕದಿಂದ. ಈ ಅಂಕಣದ ಓದುಗರ ಮುಂದೆ ಇದನ್ನು ಒಪ್ಪಿಕೊಳ್ಳದೆ ಮುಂದಿನ ಮಾತುಗಳನ್ನು ಬರೆಯುವ ಅಧಿಕಾರ ನನಗಿಲ್ಲ. ಆ ಕುಟುಂಬದ ಅನುಮತಿ ಪಡೆದೇ ಇದನ್ನು ಬರೆಯುತ್ತಿದ್ದೇನೆ.

ಅದೇ ದಿನ ಇನ್ನೊಂದು ಸಂಗತಿಯೂ ನಡೆಯಿತು. ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಳೆದುಹೋದ ಕುರಿಯ ಸಾಮತಿಯನ್ನು ಹೇಳತೊಡಗಿದೆ. ಒಳಗೊಳಗೇ ನನ್ನ ತಪ್ಪಿಗೆ ಪರಿಹಾರ ಹುಡುಕುತ್ತಿದ್ದೆನೆಂದರೂ ಸರಿ. ಅವನು ನಡುವೆಯೇ ಕೇಳಿದ: "ಅವ ಒಂದು ಕುರಿ ಹುಡುಕಾಕ ಹೋದಾಗ ಉಳಿದ ತೊಂಬತ್ತೊಂಬತ್ತು ಕಾಯವ್ರು ಯಾರ್ರಿ?" ಉತ್ತರ ನನ್ನಲ್ಲಿ ಇರಲಿಲ್ಲ. ಅವನೇ ಹೇಳಿದ: "ಇನ್ನೊಬ್ಬ ಕುರುಬ ಇದ್ದಿರಬೇಕ್ರಿ. ನೂರು ಕುರಿಗೆ ಒಬ್ಬವ ಸಾಲಂಗಿಲ್ರಿ." ನಮ್ಮ ಸೀಮೆಯ ಹೊಲಗಳಲ್ಲಿ ಕುರಿ ತರುಬುವವರನ್ನು ಕಣ್ಣಾರೆ ಕಂಡ ಹುಡುಗನ ಮಾತು ಅದು. ಗುರುಮಠದಲ್ಲಿ ತತ್ತ್ವಶಾಸ್ತ್ರವನ್ನೂ ದೈವಶಾಸ್ತ್ರವನ್ನೂ ವರ್ಷಗಟ್ಟಲೆ ಓದಿದ ನನಗೆ, ಈ ಸಾಮತಿಯ ಮೇಲೆ ಹತ್ತಾರು ಪ್ರಬೋಧನೆ ಮಾಡಿದ ನನಗೆ, ಆ ಪ್ರಶ್ನೆ ಒಮ್ಮೆಯೂ ಹೊಳೆದಿರಲಿಲ್ಲ. ಈ ಹುಡುಗ ದಡ್ಡನಲ್ಲ ಎಂಬುದು ಅಂದು ನನಗೆ ಖಚಿತವಾಯಿತು. ಹಾಗಾದರೆ ಅವನಿಗೆ ಇದ್ದದ್ದೇನು?

ಡಿಸ್ಲೆಕ್ಸಿಯಾ ಎಂಬ ಹೆಸರನ್ನು ಈಗ ನಮ್ಮ ಊರುಗಳಲ್ಲಿಯೂ ಅನೇಕರು ಕೇಳಿದ್ದಾರೆ. 2007ರಲ್ಲಿ ಬಂದ 'ತಾರೇ ಜಮೀನ್ ಪರ್' ಹಿಂದಿ ಚಿತ್ರದಿಂದ ಅದು ಮನೆಮನೆಗೆ ತಲುಪಿತು. ಹೆಸರು ಮಾತ್ರ ಹಳೆಯದು. ಜರ್ಮನಿಯ ನೇತ್ರವೈದ್ಯ ರುಡಾಲ್ಫ್ ಬೆರ್ಲಿನ್ ಅದನ್ನು ಬಳಕೆಗೆ ತಂದದ್ದು 1887ರಲ್ಲಿ. 1896ರಲ್ಲಿ ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್ ಹದಿನಾಲ್ಕು ವರ್ಷದ ಪರ್ಸಿ ಎಂಬ ಬಾಲಕನ ವೃತ್ತಾಂತವನ್ನು ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಆ ಹುಡುಗ ಲೆಕ್ಕದಲ್ಲಿ ಜಾಣ. ಆದರೆ ತನ್ನ ಹೆಸರನ್ನು ಬರೆಯುವಾಗಲೇ ಅಕ್ಷರಗಳನ್ನು ಅದಲುಬದಲು ಮಾಡುತ್ತಿದ್ದ. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆಯುವಂತಿದ್ದರೆ ಶಾಲೆಗೇ ಇವನು ಜಾಣನಾಗುತ್ತಿದ್ದನೆಂದು ಅವನ ಶಿಕ್ಷಕರು ಹೇಳಿದ್ದರಂತೆ. ನಮ್ಮ ಬ್ಯಾಡಗಿಯ ತಾಯಿ ಹೇಳಿದ್ದೂ ಬಹುಪಾಲು ಇದನ್ನೇ.

ಇದು ಕಣ್ಣಿನ ರೋಗವಲ್ಲ, ಬುದ್ಧಿಮಾಂದ್ಯವೂ ಅಲ್ಲ. ಆಡುವ ಮಾತನ್ನು ಸಣ್ಣ ಸಣ್ಣ ಧ್ವನಿಗಳಾಗಿ ಬಿಡಿಸಿ, ಒಂದೊಂದು ಧ್ವನಿಗೂ ಒಂದೊಂದು ಗುರುತನ್ನು ಜೋಡಿಸಿ, ಆ ಜೋಡಣೆ ತಡವಿಲ್ಲದೆ ನಡೆಯುವಂತೆ ಮಾಡಿಕೊಳ್ಳುವ ಶಕ್ತಿ ಮೆದುಳಿನಲ್ಲಿದೆಯಷ್ಟೆ. ಕೆಲವು ಮಕ್ಕಳಲ್ಲಿ ಆ ದಾರಿ ಹುಟ್ಟಿನಿಂದಲೇ ಇಕ್ಕಟ್ಟಾಗಿರುತ್ತದೆ. ಅನೇಕ ವೇಳೆ ಅದು ವಂಶದಲ್ಲಿ ಹರಿದು ಬಂದಿರುತ್ತದೆ. ಔಷಧಿಯಿಂದಾಗಲಿ, ಬಣ್ಣದ ಕನ್ನಡಕದಿಂದಾಗಲಿ, ತಲೆಗೆ ಹಚ್ಚುವ ತೈಲದಿಂದಾಗಲಿ ಅದು ಹೋಗುವುದಿಲ್ಲ. ಸಂತ ಅಂತೋಣಿಯವರಿಗೆ ಹರಕೆ ಹೊತ್ತುಕೊಂಡವರನ್ನು ನಾನು ತಡೆಯಲಾರೆ. ಹರಕೆ ಹೊತ್ತವರು ಮಗುವಿನ ಪಕ್ಕದಲ್ಲಿ ದಿನಕ್ಕೆ ಅರ್ಧ ಗಂಟೆ ಕೂರಲಿ ಎಂದಷ್ಟೇ ಕೇಳಿಕೊಳ್ಳುತ್ತೇನೆ.

ನಮ್ಮ ಕನ್ನಡವು ಬರೆದಂತೆ ಓದುವ ಭಾಷೆ, ಆದುದರಿಂದ ಇಲ್ಲಿ ಈ ತೊಡಕು ಬರಲಾರದು ಎಂದು ವಿದ್ಯಾವಂತರೇ ನನ್ನೊಡನೆ ವಾದಿಸಿದ್ದಾರೆ. ಅರ್ಧ ನಿಜ. ಇಂಗ್ಲಿಷಿನಂತೆ ಒಂದೇ ಅಕ್ಷರಕ್ಕೆ ಹತ್ತು ಉಚ್ಚಾರಣೆಯ ಕಾಟ ನಮ್ಮಲ್ಲಿಲ್ಲ. ಆದರೆ ಕಲಿಯಬೇಕಾದ ಗುರುತುಗಳೆಷ್ಟು! ವರ್ಣಮಾಲೆ ಮುಗಿಯಿತೆನ್ನುವಾಗ ಕಾಗುಣಿತ, ಕಾಗುಣಿತ ಮುಗಿಯಿತೆನ್ನುವಾಗ ಒತ್ತಕ್ಷರ. ಎಲ್ಲ ಸೇರಿ ನೂರಾರು. ಮ ಮತ್ತು ವ, ಪ ಮತ್ತು ಷ, ಥ ಮತ್ತು ಧ, ಬ ಮತ್ತು ಭ: ಒಂದು ಕೊಂಬು, ಒಂದು ಚುಕ್ಕೆ, ಒಂದು ಸೀಳು ಮಾತ್ರ ವ್ಯತ್ಯಾಸ. ಬೆಂಗಳೂರಿನ ಪ್ರಾಮಿಸ್ ಫೌಂಡೇಶನ್ನಿನ ಸೊನಾಲಿ ನಾಗ್ ಅವರು ಕನ್ನಡ ಶಾಲೆಯ ಮಕ್ಕಳನ್ನು ಕುರಿತು 2007ರಲ್ಲಿ ಪ್ರಕಟಿಸಿದ ಅಧ್ಯಯನವು, ಇಂಗ್ಲಿಷ್ ಅಕ್ಷರಗಳಂತೆ ಒಂದೆರಡು ವರ್ಷದಲ್ಲಿ ಮುಗಿಯದೆ ಕನ್ನಡದ ಅಕ್ಷರಜ್ಞಾನ ನಾಲ್ಕನೆಯ ತರಗತಿಯವರೆಗೂ ಬೆಳೆಯುತ್ತಲೇ ಇರುತ್ತದೆಂದು ತೋರಿಸಿತು. ಸಾಮಾನ್ಯ ಮಗುವಿಗೇ ಇಷ್ಟು ಕಾಲ ಬೇಕಾದರೆ ಈ ತೊಡಕುಳ್ಳ ಮಗುವಿನ ಪಾಡೇನು?

ಆ ಹುಡುಗನನ್ನು ನಿಲ್ಲಿಸಿದ 'ಪ್ರಾರ್ಥನೆ' ಎಂಬ ಪದವನ್ನೇ ಓದುಗರು ಒಮ್ಮೆ ಕಣ್ಣಿಟ್ಟು ನೋಡಬೇಕು. ಅದರಲ್ಲಿ ರಕಾರ ಎರಡು ಸಲ ಬರುತ್ತದೆ. ಮೊದಲನೆಯದು ಪಕಾರದ ಕೆಳಗೆ ಒತ್ತಾಗಿ ಕುಳಿತಿದೆ. ಎರಡನೆಯದು ಥಕಾರಕ್ಕಿಂತ ಮೊದಲು ಉಚ್ಚಾರವಾಗಬೇಕು. ಬರಹದಲ್ಲಿ ಮಾತ್ರ ಅರ್ಕಾವತ್ತಾಗಿ ಥಕಾರದ ನಂತರ ನಿಂತಿದೆ. ಎರಡಕ್ಕೂ ರಕಾರದ ಸ್ವಂತ ರೂಪವಿಲ್ಲ, ಎರಡರ ರೂಪವೂ ಒಂದಲ್ಲ, ಸ್ಥಾನವೂ ಒಂದಲ್ಲ. ಐವತ್ತು ವರ್ಷಗಳಿಂದ ಈ ಪದವನ್ನು ಓದುತ್ತಿರುವ ನಾನು ಇದನ್ನು ಗಮನಿಸಿದ್ದು ಆ ಹುಡುಗ ಎಡವಿದ ಮೇಲೆ. 'ಧರ್ಮ', 'ಕರ್ತ', 'ಸ್ವರ್ಗ': ನಾವು ಧರ್ಮೋಪದೇಶದ ತರಗತಿಯಲ್ಲಿ ಮಗುವಿನ ಕೈಗೆ ಕೊಡುವ ಮೊದಲ ಪದಗಳಲ್ಲೆಲ್ಲ ಈ ಅರ್ಕಾವತ್ತು ಹೊಂಚು ಹಾಕಿದೆ.

ತತ್ತ್ವಶಾಸ್ತ್ರದ ವಿದ್ಯಾರ್ಥಿಯಾಗಿದ್ದವನಿಗೆ ಇಲ್ಲಿ ಅರಿಸ್ಟಾಟಲನ ಒಂದು ವಿವೇಚನೆ ನೆನಪಾಗುವುದು ಸಹಜ. ಆಡಿದ ಮಾತು ಮನಸ್ಸಿನಲ್ಲಿರುವುದರ ಸಂಕೇತ. ಬರೆದ ಅಕ್ಷರ ಆಡಿದ ಮಾತಿನ ಸಂಕೇತ ಎಂಬುದು ಅವನ ವಿಚಾರ. ಅಂದರೆ ಅಕ್ಷರವು ಸಂಕೇತದ ಸಂಕೇತ. ಅರಿವಿನಿಂದ ಅದು ಎರಡು ಮೆಟ್ಟಿಲು ಕೆಳಗಿದೆ. ಆ ಕೆಳಗಿನ ಮೆಟ್ಟಿಲಿನಲ್ಲಿ ಎಡವಿದ ಮಗುವನ್ನು ನೋಡಿ ಮೇಲಿನ ಮಾಳಿಗೆಯೇ ಖಾಲಿ ಎಂದು ತೀರ್ಪು ಕೊಡುವುದು ತರ್ಕದೋಷ. ಈ ತರ್ಕದೋಷವನ್ನು ನಾವು ದಿನನಿತ್ಯ ಮಾಡುತ್ತೇವೆ. ಅದರ ದಂಡವನ್ನು ತೆರುವವರು ಮಾತ್ರ ಎಂಟು-ಹತ್ತು ವರ್ಷದವರು.

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಒಂದೇ ರೈಲು ಮಾರ್ಗದ ಮೇಲಿರುವ ಊರುಗಳು. ಈ ಮೂರು ಊರುಗಳಲ್ಲಿ ನಮ್ಮ ಕಥೋಲಿಕ ಮನೆಗಳು ಹೆಚ್ಚಿಲ್ಲ. ಹೊಟ್ಟೆಪಾಡಿಗಾಗಿ ಕರಾವಳಿಯಿಂದ ಬಂದವರು, ನೌಕರಿಯ ವರ್ಗಾವಣೆಯಲ್ಲಿ ಬಂದವರು, ಇಲ್ಲಿಯೇ ಹುಟ್ಟಿ ಬೆಳೆದವರು ಎಲ್ಲರೂ ಇದ್ದಾರೆ. ಹಲವು ಮನೆಗಳಲ್ಲಿ ಒಳಗೆ ಕೊಂಕಣಿ, ಬೀದಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್. ಮೂರು ಭಾಷೆಗಳಿಂದ ಡಿಸ್ಲೆಕ್ಸಿಯಾ ಉಂಟಾಗುವುದಿಲ್ಲ. ಆ ಭಯ ಬೇಡ. ಆದರೆ ತೊಡಕುಳ್ಳ ಮಗುವಿಗೆ ಮನೆಯಲ್ಲಿ ಆಡದ ಭಾಷೆಯಲ್ಲಿ, ಬರೆದಂತೆ ಓದದ ಲಿಪಿಯಲ್ಲಿ ಮೊದಲ ಪಾಠ ಆರಂಭಿಸುವುದು ಭಾರದ ಮೇಲೆ ಭಾರ. ಇಂಗ್ಲಿಷ್ ಮಾಧ್ಯಮವೆಂಬುದು ನಮ್ಮ ಸಮುದಾಯದಲ್ಲಿ ಪ್ರತಿಷ್ಠೆಯ ಪ್ರಶ್ನೆಯಾಗಿರುವುದರಿಂದ ಈ ಮಾತು ಹಲವರಿಗೆ ರುಚಿಸದೆಂದು ಬಲ್ಲೆ.

ಶಿಕ್ಷಕರನ್ನು ಮಾತ್ರ ದೂರಲು ನನಗೆ ಮನಸ್ಸಿಲ್ಲ. "ನಲವತ್ತೈದು ಮಕ್ಕಳಿದ್ದಾರೆ ಸ್ವಾಮಿ, ಪಾಠ ಮುಗಿಸದಿದ್ದರೆ ನನಗೇ ನೋಟೀಸು ಬರುತ್ತದೆ" ಎಂದು ಹಾವೇರಿಯ ಶಿಕ್ಷಕಿಯೊಬ್ಬರು ಹೇಳಿದಾಗ ಅವರ ಕಣ್ಣಿನಲ್ಲಿ ನೀರಿತ್ತು. ನಲವತ್ತೈದರಲ್ಲಿ ಇಂಥ ಒಬ್ಬಿಬ್ಬರಾದರೂ ಇರುವುದು ಆಶ್ಚರ್ಯವಲ್ಲ. ಅವರು ಹಿಂದಿನ ಬೆಂಚಿಗೆ ಹೋಗುತ್ತಾರೆ, ನಕಲು ಮಾಡಲು ಕಲಿಯುತ್ತಾರೆ, ತರಲೆ ಮಾಡುತ್ತಾರೆ. ಓದು ಬಾರದವನೆನಿಸಿಕೊಳ್ಳುವುದಕ್ಕಿಂತ ಪುಂಡನೆನಿಸಿಕೊಳ್ಳುವುದು ಮರ್ಯಾದೆಯಲ್ಲವೇ? ಕೊನೆಗೊಂದು ದಿನ ಬ್ಯಾಡಗಿಯವನಾದರೆ ಮೆಣಸಿನಕಾಯಿ ಪೇಟೆಗೆ, ರಾಣೆಬೆನ್ನೂರಿನ ಕಡೆಯವನಾದರೆ ಬೀಜದ ಪ್ಲಾಟಿನ ಕ್ರಾಸಿಂಗ್ ಕೆಲಸಕ್ಕೆ ಸೇರಿ ಶಾಲೆಯ ಹಾಜರಿ ಪುಸ್ತಕದಿಂದ ಮಾಯವಾಗುತ್ತಾನೆ. ದುಡಿಮೆಯಲ್ಲಿ ಹೀನವೇನಿಲ್ಲ. ಆದರೆ ಅವನು ಅದನ್ನು ಆರಿಸಿಕೊಂಡದ್ದಲ್ಲ, ಅಕ್ಷರಕ್ಕೆ ಅಂಜಿ ಓಡಿದ್ದು.

ರಾಣೆಬೆನ್ನೂರಿನ ಬಾಲಕಿಯೊಬ್ಬಳ ಕಥೆ ಬೇರೆ ಬಗೆಯದು. ಹಟಹಿಡಿದು ಒಂಬತ್ತನೆಯ ತರಗತಿಗೆ ಬಂದಿದ್ದಳು. ವಿಜ್ಞಾನದ ಪ್ರಶ್ನೆಗೆ ಬಾಯಲ್ಲಿ ಉತ್ತರ ಸಿದ್ಧ. ಅದನ್ನು ಬರೆಯಲು ಕುಳಿತರೆ ಗಂಟೆ ಬಾರಿಸುವಷ್ಟರಲ್ಲಿ ಅರ್ಧ ಪುಟ. ಮನೆಯವರಿಗೆ ಕಾನೂನಿನ ಆಸರೆಯಿದೆಯೆಂಬುದೇ ತಿಳಿದಿರಲಿಲ್ಲ. 1995ರ ಅಂಗವಿಕಲರ ಕಾಯ್ದೆಯಲ್ಲಿ ಕಲಿಕೆಯ ನ್ಯೂನತೆಗೆ ಜಾಗವಿರಲಿಲ್ಲ. 2016ರ ಹೊಸ ಕಾಯ್ದೆ ಇಪ್ಪತ್ತೊಂದು ಬಗೆಯ ನ್ಯೂನತೆಗಳನ್ನು ಪಟ್ಟಿಮಾಡಿ, ಅದರಲ್ಲಿ 'ನಿರ್ದಿಷ್ಟ ಕಲಿಕಾ ನ್ಯೂನತೆ' ಎಂಬ ಹೆಸರಿನಲ್ಲಿ ಇದನ್ನೂ ಸೇರಿಸಿತು. 2018ರ ಕೇಂದ್ರ ಮಾರ್ಗಸೂಚಿಯ ಪ್ರಕಾರ, ನಿಗದಿತ ಪ್ರಮಾಣದ ನ್ಯೂನತೆಯೆಂದು ಪ್ರಮಾಣಪತ್ರ ಪಡೆದು ಪರೀಕ್ಷೆಯಲ್ಲಿ ಲಿಪಿಕಾರರ ನೆರವಿನಿಂದ ಬರೆಯುವವರಿಗೆ ಗಂಟೆಗೆ 20 ನಿಮಿಷದಂತೆ ಹೆಚ್ಚುವರಿ ಕಾಲ ಕೊಡಬೇಕು. ಮೂರು ಗಂಟೆಯ ಪರೀಕ್ಷೆಗೆ ಇನ್ನೊಂದು ಗಂಟೆ ಸೇರಿತೆಂದಾಯಿತು.

ಇದನ್ನೆಲ್ಲ ವಿವರಿಸಿದಾಗ ತಂದೆತಾಯಿ ಹಿಗ್ಗಿದರು, ಬಾಲಕಿ ಅತ್ತಳು. ತನಗಿಂತ ಕೆಳಗಿನ ತರಗತಿಯ ಹುಡುಗಿಯೊಬ್ಬಳು ಪಕ್ಕದಲ್ಲಿ ಕುಳಿತು ಬರೆದರೆ ಊರಿಗೆಲ್ಲ ಗೊತ್ತಾಗುತ್ತದೆಂಬ ಅಳಲು. ನಾನು ಅವಳಿಗೆ ಸಂತ ಪೌಲರ ವಿಷಯ ಹೇಳಿದೆ. ರೋಮನರಿಗೆ ಬರೆದ ಪತ್ರವನ್ನು ಪೌಲರು ತಮ್ಮ ಕೈಯಿಂದ ಬರೆದವರಲ್ಲ. ತೆರ್ತಿಯನೆಂಬ ಲಿಪಿಕಾರ ಬರೆದ, ಪತ್ರದ ಕೊನೆಯಲ್ಲಿ ತನ್ನ ವಂದನೆಯನ್ನೂ ಸೇರಿಸಿದ. ಆ ಕಾಲದ ವಾಡಿಕೆಯೇ ಅದು, ಪೌಲರಿಗೆ ತೊಡಕೇನೂ ಇದ್ದಿರಲಿಕ್ಕಿಲ್ಲ. ಆದರೆ ಅದನ್ನು ತೆರ್ತಿಯನ ಪತ್ರವೆಂದು ಇಂದಿನವರೆಗೆ ಯಾರೂ ಕರೆದಿಲ್ಲ. ಬಾಲಕಿ ಸ್ವಲ್ಪ ನಕ್ಕಳು. ಒಪ್ಪಲು ಇನ್ನೂ ಮೂರು ತಿಂಗಳು ಹಿಡಿಯಿತು.

ಇಷ್ಟೆಲ್ಲ ಬರೆದ ಮೇಲೆ ನಮ್ಮದೇ ಅಂಗಳವನ್ನು ನೋಡಿಕೊಳ್ಳಬೇಕಾಗುತ್ತದೆ. ಪ್ರಥಮ ಪರಮಪ್ರಸಾದಕ್ಕೆ ಮಕ್ಕಳನ್ನು ಸಿದ್ಧಪಡಿಸುವಾಗ ನಾವು ಪುಸ್ತಕ ಕೊಡುತ್ತೇವೆ, ಪ್ರಶ್ನೋತ್ತರ ಬರೆಸುತ್ತೇವೆ, ಬರಹದ ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದವರನ್ನು ಮುಂದಿನ ವರ್ಷಕ್ಕೆ ತಳ್ಳಿದ್ದೂ ಉಂಟು. ಧರ್ಮಸಭೆ ಇದನ್ನು ಕೇಳಿದೆಯೇ? 1910ರ ಆಗಸ್ಟ್ 8ರಂದು ಜಗದ್ಗುರು ಹತ್ತನೆಯ ಪಿಯುಸರ ಕಾಲದಲ್ಲಿ ಹೊರಟ ಆಜ್ಞಾಪತ್ರವು, ಮಗು ವಿವೇಚನೆಯ ವಯಸ್ಸಿಗೆ ಬಂದು ಪರಮಪ್ರಸಾದದ ರೊಟ್ಟಿಗೂ ಸಾಮಾನ್ಯ ರೊಟ್ಟಿಗೂ ಇರುವ ಭೇದವನ್ನು ಅರಿತರೆ ಸಾಕೆಂದು ಹೇಳಿತು. 1983ರ ಕಾನೂನು ಸಂಹಿತೆಯ 913ನೆಯ ವಿಧಿಯೂ ಮಗು ತನ್ನ ಶಕ್ತಿಗೆ ತಕ್ಕಂತೆ ಗ್ರಹಿಸಬೇಕೆನ್ನುತ್ತದೆ. ಎರಡರಲ್ಲಿಯೂ ಓದುಬರಹದ ಸುಳಿವಿಲ್ಲ. ಸೇರಿಸಿದವರು ನಾವು. ಈಗ ನನ್ನ ಧರ್ಮಕೇಂದ್ರದಲ್ಲಿ ಬರಹದ ಪರೀಕ್ಷೆಯನ್ನು ಕೈಬಿಟ್ಟು, ಒಬ್ಬೊಬ್ಬ ಮಗುವನ್ನೂ ಕೂರಿಸಿಕೊಂಡು ಮಾತನಾಡಿಸುತ್ತೇವೆ. ಇದರಿಂದ ಓದುಬಲ್ಲ ಕೆಲವು ಮಕ್ಕಳಿಗೆ ಅರ್ಥವೇ ಆಗಿರಲಿಲ್ಲವೆಂಬುದೂ ಬಯಲಾಯಿತೆನ್ನಿ.

ಧರ್ಮಕೇಂದ್ರಗಳ ಗುರುಗಳ ಪಾಲಕರಾದ ಸಂತ ಜಾನ್ ಮರಿಯ ವಿಯಾನ್ನಿಯವರ ಬದುಕಿನಲ್ಲಿ ಇದಕ್ಕೊಂದು ಹಳೆಯ ಮೇಲ್ಪಂಕ್ತಿಯಿದೆ. ಫ್ರಾನ್ಸಿನ ಕ್ರಾಂತಿಯ ಗದ್ದಲದಲ್ಲಿ ಅವರ ಶಾಲೆಯ ಓದು ತೀರ ತಡವಾಗಿ ಆರಂಭವಾಯಿತು. 1813ರಲ್ಲಿ ಲಿಯೋನ್ ನಗರದ ಗುರುಮಠಕ್ಕೆ ಸೇರಿದಾಗ ಲತೀನ್ ಪಾಠ ತಲೆಗೆ ಹತ್ತದೆ ಅಲ್ಲಿಂದ ಹೊರಬರಬೇಕಾಯಿತು. ಅವರಿಗಿದ್ದದ್ದು ಡಿಸ್ಲೆಕ್ಸಿಯಾ ಎಂದು ಹೇಳುವ ಸಾಹಸ ನನಗೆ ಬೇಡ. ನನಗೆ ಮುಖ್ಯವಾಗಿ ಕಾಣುವುದು ಎಕುಲ್ಲಿಯ ಗುರು ಬಾಲೆಯವರು ಮಾಡಿದ ಕೆಲಸ. ಅವರು ಶಿಷ್ಯನನ್ನು ಬೈಯಲಿಲ್ಲ, ಬಿಟ್ಟುಕೊಡಲೂ ಇಲ್ಲ. ಫ್ರೆಂಚ್ ಮಾತಿನಲ್ಲಿ ಪಾಠ ಹೇಳಿ, ಅದೇ ಮಾತಿನಲ್ಲಿ ಪರೀಕ್ಷಿಸಿರೆಂದು ಮೇಲಿನವರನ್ನು ಒಪ್ಪಿಸಿದರು. ಶಿಷ್ಯ ಉತ್ತೀರ್ಣನಾದ. 1815ರಲ್ಲಿ ಗುರುದೀಕ್ಷೆಯಾಯಿತು. ಬದಲಾದದ್ದು ಪರೀಕ್ಷೆಯ ರೀತಿ.

ಬ್ಯಾಡಗಿಯ ಹುಡುಗನನ್ನು ಧಾರವಾಡಕ್ಕೆ ಕರೆದೊಯ್ದೆವು. ಹಾವೇರಿಯಿಂದ ಹೆಚ್ಚೂಕಡಿಮೆ ನೂರು ಕಿಲೋಮೀಟರ್ ದೂರದ ಆ ಊರಿನಲ್ಲಿ, ಜನರು ಡಿಮ್ಹಾನ್ಸ್ ಎಂದು ಕರೆಯುವ ಸರ್ಕಾರಿ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಿದೆ. ಮೊದಲಿಗೆ ಕಣ್ಣು ಮತ್ತು ಕಿವಿಯ ತಪಾಸಣೆ, ಬಳಿಕ ಬುದ್ಧಿಶಕ್ತಿಯ ಪರೀಕ್ಷೆ, ಅನಂತರ ಓದು, ಬರಹ, ಲೆಕ್ಕ. ಒಂದೇ ಭೇಟಿಯಲ್ಲಿ ಮುಗಿಯುವಂಥದಲ್ಲ. ಕೂಲಿ ಬಿಟ್ಟು ಹೋಗಬೇಕಾದವರಿಗೆ ಇದು ಸಣ್ಣ ಮಾತಲ್ಲ, ಬಸ್ಸಿನ ಖರ್ಚನ್ನು ಸಂತ ವಿನ್ಸೆಂಟ್ ದೆ ಪೌಲ್ ಸಭೆಯಂಥವು ಹೊತ್ತರೆ ಒಳ್ಳೆಯದು. ಕನ್ನಡದಲ್ಲಿಯೇ ಮಕ್ಕಳನ್ನು ಪರೀಕ್ಷಿಸುವ ಸಾಧನಗಳು ಈಗ ಇವೆ. ಹರಿಯಾಣದ ಮಾನೇಸರದ ರಾಷ್ಟ್ರೀಯ ಮೆದುಳು ಸಂಶೋಧನಾ ಕೇಂದ್ರವು 2015ರಲ್ಲಿ ಹೊರತಂದ 'ಡಾಲಿ' ಎಂಬ ಸಾಧನ ಹಿಂದಿ, ಮರಾಠಿ, ಇಂಗ್ಲಿಷ್‌ಗಳೊಡನೆ ಕನ್ನಡದಲ್ಲಿಯೂ ಇದೆ.

ಅಂದು ಮರಳಿ ಬರುವಾಗ ಬಸ್ಸಿನಲ್ಲಿ ಹುಡುಗನ ತಂದೆ ನನ್ನ ಪಕ್ಕದಲ್ಲಿ ಕುಳಿತಿದ್ದರು. ಪೇಟೆಯಲ್ಲಿ ಹೆಸರು ಮಾಡಿದ ಮನುಷ್ಯ; ರಾಶಿಯನ್ನು ದೂರದಿಂದ ನೋಡಿಯೇ ಕಡ್ಡಿಕಾಯಿ ಎಷ್ಟು, ಡಬ್ಬಿಕಾಯಿ ಎಷ್ಟು, ಗುಂಟೂರಿನದು ಬೆರೆತಿದೆಯೇ ಎಂದು ಹೇಳಬಲ್ಲರು. ಓದದ್ದಕ್ಕಾಗಿ ಮಗನನ್ನು ಬೆಲ್ಟಿನಿಂದ ಹೊಡೆದದ್ದೂ ಇದೇ ಕೈ. ಶಿಗ್ಗಾಂವಿ ದಾಟಿದ ಮೇಲೆ ಅವರು ಕಿಟಕಿಯ ಕಡೆ ನೋಡುತ್ತಲೇ ಹೇಳಿದರು: "ನನಗೂ ಹಿಂಗ ಆಗತಿತ್ರಿ ಫಾದರ್. ಏಳನೇತ್ತಕ್ಕ ಬಿಟ್ಟೆ. ಮನ್ಯಾಗ ಯಾರಿಗೂ ಹೇಳಿಲ್ರಿ." ಪಟ್ಟಿಯಲ್ಲಿ ಬರೆದ ಲೆಕ್ಕವನ್ನೆಲ್ಲ ಅವರು ತಲೆಯಲ್ಲೇ ಇಟ್ಟುಕೊಂಡು ಇಷ್ಟು ವರ್ಷ ವ್ಯವಹಾರ ನಡೆಸಿದ್ದರು. ದೇವಾಲಯದಲ್ಲಿ ಕೈಯಲ್ಲಿ ಗೀತೆಗಳ ಪುಸ್ತಕ ಹಿಡಿದು ನಿಲ್ಲುತ್ತಿದ್ದುದು ಬರೀ ಹಿಡಿದುಕೊಂಡಿದ್ದುದಷ್ಟೆ. ಮಗನನ್ನು ಹೊಡೆಯುವಾಗ ಯಾರನ್ನು ಹೊಡೆಯುತ್ತಿದ್ದೆನೆಂಬುದು ಈಗ ತಿಳಿಯಿತೆಂದರು. ನಾನು ಉತ್ತರ ಕೊಡಲಿಲ್ಲ.

ಈಗ ನಿವೃತ್ತ ಶಿಕ್ಷಕಿಯಾದ ಧರ್ಮಭಗಿನಿಯೊಬ್ಬರು ವಾರಕ್ಕೆ ನಾಲ್ಕು ಸಂಜೆ ಆ ಹುಡುಗನಿಗೆ ಪಾಠ ಹೇಳುತ್ತಾರೆ. ವಿಧಾನ ಸರಳ. ತಟ್ಟೆಯಲ್ಲಿ ಮರಳು ಹರಡಿ, ಅಕ್ಷರವನ್ನು ಬೆರಳಿನಿಂದ ತಿದ್ದುತ್ತಾ ಧ್ವನಿಯನ್ನು ಬಾಯಿಬಿಟ್ಟು ಹೇಳಬೇಕು. ಕಣ್ಣು, ಕಿವಿ, ಕೈ ಮೂರೂ ಒಟ್ಟಿಗೆ. ಪಶ್ಚಿಮದಲ್ಲಿ ಆರ್ಟನ್ ಮತ್ತು ಗಿಲ್ಲಿಂಗ್‌ಹ್ಯಾಮ್ ಎಂಬವರ ಹೆಸರಿನಲ್ಲಿ ಪ್ರಸಿದ್ಧವಾದ ಪದ್ಧತಿಯಿದು, ಆದರೆ ಮರಳಿನ ಮೇಲೆ ತಿದ್ದಿಸುವುದು ನಮ್ಮ ಹಳೆಯ ಕೂಲಿಮಠಗಳಿಗೂ ಗೊತ್ತಿತ್ತು. ಮ ಕಲಿತ ವಾರದಲ್ಲಿ ವ ಕಲಿಸುವುದಿಲ್ಲ. ಪದವನ್ನು ಚಪ್ಪಾಳೆ ತಟ್ಟಿ ಬಿಡಿಸುತ್ತಾರೆ. ಅರ್ಕಾವತ್ತು ಎಲ್ಲಕ್ಕಿಂತ ಕೊನೆಗೆ. ಎರಡು ವರ್ಷದಲ್ಲಿ ಅವನು ನಿಧಾನವಾಗಿ, ತಪ್ಪಿಲ್ಲದೆ ಒಂದು ಪುಟ ಓದುವಷ್ಟಾಗಿದ್ದಾನೆ. ವೇಗ ಬಂದಿಲ್ಲ, ಬರದೆಯೂ ಇರಬಹುದೆಂದು ಸಿಸ್ಟರ್ ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಭಾನುವಾರದ ಹೊಟ್ಟೆನೋವು ನಿಂತಿದೆ.

ಕಳೆದ ತಿಂಗಳು ತಂದೆ ನನ್ನಲ್ಲಿಗೆ ಬಂದಿದ್ದರು. ಆರು ವರ್ಷದ ಕಿರಿಯ ಮಗಳೂ ಕಾಗುಣಿತದಲ್ಲಿ ತಡವರಿಸುತ್ತಿದ್ದಾಳಂತೆ. ಎಂಟು ತುಂಬುವವರೆಗೆ ಪ್ರಮಾಣಪತ್ರ ಕೊಡುವುದಿಲ್ಲವೆಂದು ಧಾರವಾಡದಲ್ಲಿ ಕೇಳಿದ್ದರು. ಹಾಗಾದರೆ ಎರಡು ವರ್ಷ ಕಾಯಬೇಕೇ ಎಂಬುದು ಅವರ ಪ್ರಶ್ನೆ. ಕಾಯಬೇಕಾದದ್ದು ಕಾಗದಕ್ಕೆ, ಪಾಠಕ್ಕಲ್ಲ ಎಂದೆ. ಆ ವಾರದಿಂದ ಮರಳಿನ ತಟ್ಟೆಯ ಮುಂದೆ ಅಣ್ಣನ ಪಕ್ಕದಲ್ಲಿ ಅವಳೂ ಕೂರುತ್ತಾಳೆ.